ಮಹಾಲಿಂಗಮ್ಮನ ಕಾಲು, ಜೋಗಿಯ ನೊರೆ

ನೀಲಗಿರಿಯ ಕೀಳ್ ಕೋತಗಿರಿಯ ಇಳಿಜಾರಿನಲ್ಲಿ ಒಂದು ಟೀ ಎಸ್ಟೇಟಿನ ಆಸ್ಪತ್ರೆ ಇತ್ತು. ಆಸ್ಪತ್ರೆ ಎಂದರೆ ತಗಡಿನ ಮಾಡಿನ ಮೂರು ಕೋಣೆ, ಮುಂದೆ ಒಂದು ಜಗಲಿ, ಜಗಲಿಯ ತುಂಬ ಕೆಮ್ಮುವ ಜನ. ಅಲ್ಲಿಗೆ ಡಾಕ್ಟರುಗಳು ಬರುತ್ತಿದ್ದರು, ಒಂದು ಚಳಿಗಾಲ ಕಂಡು ಹೋಗುತ್ತಿದ್ದರು. ಬಂದವರಲ್ಲಿ ಹೋಗದೆ ಉಳಿದದ್ದು ಕಂಪೌಂಡರ್ ಜೋಗಿ ಒಬ್ಬನೇ.

ಜೋಗಿ ಬಿಕ್ಕೆಹಟ್ಟಿಯವನು. ಬಡಗರ ಹಟ್ಟಿಯಲ್ಲಿ ಮನೆಗಳು ಒಂದರ ಗೋಡೆಗೆ ಇನ್ನೊಂದು ಒರಗಿಕೊಂಡು ಸಾಲಾಗಿ ನಿಂತಿರುತ್ತವೆ. ಈ ತುದಿಯ ಮನೆಯಲ್ಲಿ ಯಾರಾದರೂ ಸೀನಿದರೆ ಆ ತುದಿಯ ಮನೆಯಲ್ಲಿ ಕಷಾಯಕ್ಕೆ ನೀರಿಡುತ್ತಾರೆ. ಕೋತಗಿರಿ ಶಾಲೆಯಲ್ಲಿ ಎಂಟನೆಯ ಕ್ಲಾಸು ಮುಗಿಸಿದ ಮೇಲೆ, ಇನ್ನೂ ಓದಿದರೆ ಹುಡುಗನ ಕಣ್ಣು ಕೆಡುತ್ತದೆ ಎಂದು ಅವನ ಅಪ್ಪ ತೀರ್ಮಾನಿಸಿದ. ಹಾಗಾಗಿ ಜೋಗಿ ಎಸ್ಟೇಟ್ ಆಸ್ಪತ್ರೆಗೆ ಬಾಟ್ಲಿ ತೊಳೆಯಲು ಸೇರಿದ. ತೊಳೆದ ಬಾಟ್ಲಿಗೆ ಮದ್ದು ತುಂಬಿದ, ತುಂಬಿದ ಬಾಟ್ಲಿಗೆ ಗುಟುಕಿನ ಗುರುತಿನ ಕಾಗದ ಅಂಟಿಸಿದ, ಗಾಯ ತೊಳೆದ, ಪಟ್ಟಿ ಕಟ್ಟಿದ. ಹೀಗೆ ಯಾರೂ ಗಮನಿಸದ ಹೊತ್ತಿನಲ್ಲಿ ಕಂಪೌಂಡರ್ ಆಗಿಬಿಟ್ಟ. ಸರ್ಟಿಫಿಕೇಟು ಮಾತ್ರ ಇರಲಿಲ್ಲ. ಸರ್ಟಿಫಿಕೇಟು ಇದ್ದೂ ಏನೂ ಆಗದೆ ಕೂತ ನಮ್ಮಂಥವರು ಈ ಮಾತನ್ನು ಹೊಟ್ಟೆ ಉರಿಸಿಕೊಳ್ಳದೆ ಓದಬೇಕು.

ಜೋಗಿಗೆ ಒಂದೇ ಒಂದು ವಿದ್ಯೆಯ ಬಗ್ಗೆ ಜಂಬವಿತ್ತು: ಕುಲುಕುವುದು. ‘ಕುಲುಕಿ ಕುಡಿಯಿರಿ’ ಎಂದು ಬರೆದರೆ ಜನ ಕುಲುಕುವುದಿಲ್ಲ, ಕುಲುಕಿದರೂ ನೆಟ್ಟಗೆ ಕುಲುಕುವುದಿಲ್ಲ ಎಂಬುದು ಅವನ ನಂಬಿಕೆ. ಬಾಟ್ಲಿಯನ್ನು ಕಿವಿಯ ಹತ್ತಿರ ಹಿಡಿದು, ಕಣ್ಣು ಅರೆಮುಚ್ಚಿ, ಮಣಿಕಟ್ಟು ಮಾತ್ರ ಆಡಿಸುತ್ತ ಅವನು ಕುಲುಕಲು ನಿಂತರೆ ಜಗಲಿಯ ಕೆಮ್ಮೂ ಒಂದು ಗಳಿಗೆ ನಿಲ್ಲುತ್ತಿತ್ತು.

‘ಮನೇಲಿ ಮಜ್ಜಿಗೆ ಕಡೆ ಅಂದರೆ ಕೈ ನೋವು,’ ಎನ್ನುತ್ತಿದ್ದಳು ಹೆಂಡತಿ ನಂಜಿ. ‘ಆಸ್ಪತ್ರೇಲಿ ಹೆಂಗಸರ ಮುಂದೆ ಬಾಟ್ಲಿ ಆಡಿಸೋಕ ಯಾವ ನೋವೂ ಇಲ್ಲೆ.’

ಅರವತ್ತರ ದಶಕದ ನಡುವಿನಲ್ಲಿ ಮದ್ರಾಸಿನಿಂದ ಜಯರಾಮನ್ ಎಂಬ ಡಾಕ್ಟರು ಬಂದರು. ಚಿಕ್ಕ ವಯಸ್ಸು, ದಪ್ಪ ಸ್ವೆಟರು. ಹಿಂದಿನ ಡಾಕ್ಟರುಗಳು ರೋಗಿಯ ನಾಲಿಗೆ ನೋಡುತ್ತಿದ್ದರು. ಇವರು ಕಾಲು ನೋಡಿದರು. ದಿನವಿಡೀ ಇಳಿಜಾರಿನಲ್ಲಿ ನಿಂತು ಎಲೆ ಕೀಳುವ ಹೆಂಗಸರ ಕಾಲುಗಳಲ್ಲಿ ನೀಲಿ ನರಗಳು ಮಂಡಿಯಿಂದ ಹಿಮ್ಮಡಿಯವರೆಗೆ ಗಂಟುಗಂಟಾಗಿ ಉಬ್ಬಿರುತ್ತಿದ್ದವು. ಹೆಂಗಸರು ಅದನ್ನು ಕಾಯಿಲೆ ಎಂದುಕೊಂಡಿರಲಿಲ್ಲ, ವಯಸ್ಸು ಎಂದುಕೊಂಡಿದ್ದರು. ಡಾಕ್ಟರು ಅದಕ್ಕೆ ಇಂಗ್ಲಿಷಿನಲ್ಲಿ ಒಂದು ಹೆಸರು ಹೇಳಿ, ಸೂಜಿಮದ್ದಿನಿಂದ ಗುಣವಾಗುತ್ತದೆ ಎಂದರು.

‘ಮದ್ದು ನರದೊಳಗೆ ಹೋಗಿ ಅದರ ಗೋಡೆಯನ್ನು ಕೆರಳಿಸಬೇಕು ಜೋಗಿ. ಆಗ ಗೋಡೆಗೆ ಗೋಡೆ ಅಂಟಿ ನರ ಮುಚ್ಚಿಹೋಗುತ್ತೆ, ರಕ್ತ ಬೇರೆ ಒಳ್ಳೇ ದಾರಿ ಹಿಡಿಯುತ್ತೆ,’ ಎಂದರು ಡಾಕ್ಟರು. ಇಬ್ಬರೂ ಮಾತಾಡುತ್ತಿದ್ದದ್ದು ತಮಿಳಿನಲ್ಲಿ. ‘ಆದರೆ ಬರೀ ನೀರುಮದ್ದು ಹಾಕಿದರೆ ರಕ್ತ ಅದನ್ನ ತೊಳೆದುಕೊಂಡು ಹೋಗುತ್ತೆ. ಅದಕ್ಕೇ ನೊರೆ. ನೊರೆ ರಕ್ತವನ್ನ ಆಚೆ ತಳ್ಳಿ ಗೋಡೆಗೆ ಅಂಟಿಕೊಂಡು ಕೂರುತ್ತೆ.’

‘ನೊರೆ ಬರಿಸೋದು ಹೇಗೆ ಸಾರ್?’

‘ಅದೇ ಜಗಳ. ಕೆಲವರು ಬಾಟ್ಲಿಯಲ್ಲಿ ಮದ್ದಿಗೆ ಗಾಳಿ ಸೇರಿಸಿ ಕುಲುಕಿ, ನೊರೆಯನ್ನೇ ಸಿರಿಂಜಿಗೆ ಎಳೀತಾರೆ. ಸ್ವಲ್ಪ ಮದ್ದಿನಲ್ಲಿ ಉದ್ದ ನರ ತುಂಬುತ್ತೆ. ಆದರೆ ನೊರೆ ಬೇಗ ಒಡೆದು ನೀರಾಗುತ್ತೆ. ಇನ್ನು ಕೆಲವರು ಕುಲುಕೋದೇ ಇಲ್ಲ. ಸಿರಿಂಜಿನಲ್ಲಿ ಚೂರು ಗಾಳಿ ಬಿಟ್ಟುಕೊಂಡು, ಮೊದಲು ಗಾಳಿ, ಅದರ ಬೆನ್ನಿಗೆ ಮದ್ದು. ಗಾಳಿ ರಕ್ತವನ್ನ ತಳ್ಳುತ್ತೆ, ಮದ್ದು ಆ ಜಾಗದಲ್ಲಿ ಕೂರುತ್ತೆ. ಇದು ಗಿಡ್ಡ ನರಕ್ಕೆ ಸರಿ, ಉದ್ದಕ್ಕೆ ಸಾಲದು ಅಂತಾರೆ. ನನಗೆ ಎರಡನೆಯದರಲ್ಲೇ ನಂಬಿಕೆ.’

ಕುಲುಕುವುದು ಎಂಬ ಮಾತು ಬಿದ್ದ ಮೇಲೆ ಉಳಿದ ಮಾತು ಜೋಗಿಯ ಕಿವಿಗೆ ಹೋಗಲಿಲ್ಲ. ಆ ಮದ್ದಿನ ಒಂದು ರಬ್ಬರು ಮುಚ್ಚಳದ ಬಾಟ್ಲಿ ಬೇಡಿ ತೆಗೆದುಕೊಂಡು ಕುಲುಕಿದ. ಬಿಳಿಯ ನೊರೆ ಗಟ್ಟಿ ಮೊಸರಿನಂತೆ ನಿಂತಿತು. ಡಾಕ್ಟರು ತಾವೂ ಕುಲುಕಿ ನೋಡಿದರು. ಬಟ್ಟೆ ಒಗೆದ ನೀರಿನಂತೆ ದೊಡ್ಡ ದೊಡ್ಡ ಗುಳ್ಳೆ ಎದ್ದವು.

‘ಸರಿಯಪ್ಪಾ,’ ಎಂದು ನಕ್ಕರು ಡಾಕ್ಟರು. ‘ಒಬ್ಬಳದೇ ಎರಡು ಕಾಲು, ಎರಡರಲ್ಲೂ ಒಂದೇ ಥರ ಗಂಟು ಇರೋ ಹೆಂಗಸನ್ನ ಹುಡುಕು. ಎಡಗಾಲಿಗೆ ನಿನ್ನ ನೊರೆ, ಬಲಗಾಲಿಗೆ ನನ್ನ ಗಾಳಿ. ಯಾವುದು ಗೆಲ್ಲುತ್ತೋ ಅದನ್ನೇ ಎಲ್ಲರಿಗೂ ಮಾಡೋಣ.’

ಜೋಗಿ ಹುಡುಕಿ ತಂದದ್ದು ಮಹಾಲಿಂಗಮ್ಮನನ್ನು. ಅವಳು ಬಿಕ್ಕೆಹಟ್ಟಿಯಲ್ಲಿ ಹುಟ್ಟಿ, ಆಚೆ ದಿಣ್ಣೆಯ ಮೇಲ್‌ಹಟ್ಟಿಗೆ ಮದುವೆಯಾಗಿ ಹೋದವಳು. ಒಂದೇ ಹಟ್ಟಿಯಲ್ಲಿ ಹುಟ್ಟಿದವರೆಲ್ಲ ಬಡಗರ ಲೆಕ್ಕದಲ್ಲಿ ಅಣ್ಣತಮ್ಮ, ಅಕ್ಕತಂಗಿ. ಹಾಗಾಗಿ ಅವಳು ಜೋಗಿಗೆ ಅಕ್ಕ, ಅವಳ ಗಂಡ ಧರ್ಮಲಿಂಗಂ ಬಾವ. ಗಂಡಹೆಂಡಿರಿಗೆ ಇಳಿಜಾರಿನಲ್ಲಿ ಸ್ವಂತ ಟೀ ತೋಟದ ಒಂದು ತುಂಡು. ಧರ್ಮಲಿಂಗಂ ಎಲೆ ಮೂಟೆ ಹೊತ್ತು ಫ್ಯಾಕ್ಟರಿಗೆ ಹಾಕುತ್ತಿದ್ದ, ಕೀಳುವವಳು ಅವಳೇ. ಅವಳು ಕಾಲೂರಿ ನಿಂತರೆ ಮಾತ್ರ ಆ ಮನೆಯ ಒಲೆ ಉರಿಯುತ್ತಿತ್ತು.

ಸೂಜಿ ಹಾಕುವ ದಿನ ಮಹಾಲಿಂಗಮ್ಮ ಹೊಸ ಬಿಳಿ ಬಟ್ಟೆ ಉಟ್ಟು, ತಲೆಗೆ ಪಟ್ಟು ಎಂಬ ಬಿಳಿ ವಸ್ತ್ರ ಕಟ್ಟಿ, ಮದುವೆಗೆ ಬಂದವಳಂತೆ ಬಂದಳು. ಡಾಕ್ಟರು ಎರಡು ಕಾಲನ್ನೂ ನೋಡಿ, ಚಿನ್ನದಂಗಡಿಯಲ್ಲಿ ಸರಿಜೋಡಿ ಓಲೆ ಸಿಕ್ಕವರಂತೆ ಸಂತೋಷಪಟ್ಟರು.

ಜೋಗಿ ಬಾಟ್ಲಿ ಕುಲುಕಿದ. ನೊರೆ ಎಂದಿಗಿಂತ ಚೆನ್ನಾಗಿ ಬಂತು. ಅದು ಬಂದ ಕೂಡಲೇ ಡಾಕ್ಟರ ಕೈಗೆ ಕೊಡಬೇಕಾಗಿತ್ತು. ಆದರೆ ಜಗಲಿಯಲ್ಲಿ ಬಿಕ್ಕೆಹಟ್ಟಿಯ ಹೆಂಗಸರೂ ಕೂತಿದ್ದರು. ಜೋಗಿ ಬಾಗಿಲಿಗೆ ಹೋಗಿ, ಬಾಟ್ಲಿಯನ್ನು ಬೆಳಕಿಗೆ ಹಿಡಿದು, ‘ನೋಡಿ, ಹಾಲಿನ ಕೆನೆ,’ ಎಂದು ತೋರಿಸಿ, ಅವರು ‘ಅವ್ವೆ!’ ಎನ್ನುವವರೆಗೆ ಕಾದು, ಒಳಗೆ ಬಂದ. ಅಷ್ಟರಲ್ಲಿ ಬಾಟ್ಲಿಯ ತಳದಲ್ಲಿ ನೀರು ನಿಂತಿತ್ತು. ಬೆನ್ನು ತಿರುಗಿಸಿ ಗಡಿಬಿಡಿಯಲ್ಲಿ ಇನ್ನೊಮ್ಮೆ ಕುಲುಕಿ ಕೊಟ್ಟ. ಡಾಕ್ಟರು ಸೂಜಿ ಹಾಕಿದರು. ಬಲಗಾಲಿಗೆ ಅವರ ಗಾಳಿ, ಅದರ ಹಿಂದೆ ಮದ್ದು.

‘ಅಕ್ಕ,’ ಎಂದ ಜೋಗಿ ಎಡಗಾಲಿಗೆ ಬಿಗಿಯಾಗಿ ಪಟ್ಟಿ ಸುತ್ತುತ್ತ, ನಗುತ್ತ. ‘ಈ ಕಾಲು ನಮ್ಮ ಹಟ್ಟೀದು. ಆ ಕಾಲು ಡಾಕ್ಟರದು. ನಮ್ಮ ಮಾನ ಕಳೀಬೇಡ.’

ತಮಾಷೆಗೆ ಆಡಿದ ಮಾತು. ಆದರೆ ಮದುವೆಯಾದ ಮೇಲೆ ಇಷ್ಟು ವರ್ಷ ಅತ್ತೆ ಲಿಂಗಿಯ ಎದುರು ಬಿಕ್ಕೆಹಟ್ಟಿಯ ಮಾನ ಕಾಯುವುದನ್ನೇ ಬಾಳಿನ ಕೆಲಸ ಮಾಡಿಕೊಂಡಿದ್ದ ಹೆಂಗಸಿಗೆ ಅಂಥ ಮಾತನ್ನು ತಮಾಷೆಗೂ ಆಡಬಾರದಿತ್ತು. ಮಹಾಲಿಂಗಮ್ಮ ಗಂಭೀರವಾಗಿ ತಲೆಯಾಡಿಸಿದಳು. ಆ ಗಳಿಗೆಯಿಂದ ಎಡಗಾಲು ಅವಳ ತವರುಮನೆಯಾಯಿತು.

ಪಟ್ಟಿ ಬಿಚ್ಚಬಾರದು, ಹಗಲು ಮಲಗಬಾರದು, ದಿನಾ ನಡೆಯಬೇಕು, ನೋವಾದರೆ ತಕ್ಷಣ ಹೇಳಬೇಕು ಎಂದು ಡಾಕ್ಟರು ಹೇಳಿ ಕಳಿಸಿದರು. ಪಟ್ಟಿ ವಾರಗಟ್ಟಲೆ ಹಾಗೇ ಇರಬೇಕಾದ್ದರಿಂದ ಒಳಗೆ ಏನಾಗುತ್ತಿದೆ ಎಂದು ತಿಳಿಯಲು ಡಾಕ್ಟರಿಗೆ ಇದ್ದದ್ದು ಅವಳ ಬಾಯಿ ಒಂದೇ.

ಮೊದಲ ಸಲ ತೋರಿಸಲು ಬಂದಾಗ ಡಾಕ್ಟರು ಕೇಳಿದರು. ಜೋಗಿ ಅದನ್ನು ಬಡಗ ಮಾತಿಗೆ ತಿರುಗಿಸಿದ. ‘ಯಾವ ಕಾಲು ನೋವು ಅಕ್ಕ?’

ಮಹಾಲಿಂಗಮ್ಮ ಎರಡು ಕಾಲನ್ನೂ ನೋಡಿಕೊಂಡಳು. ಅವಳ ಕೈ ಎಡ ಹಿಮ್ಮಡಿಯ ಕಡೆಗೆ ಒಂದಿಷ್ಟು ಇಳಿಯಿತು. ಆಗ ಡಾಕ್ಟರ ಬೆನ್ನ ಹಿಂದೆ ನಿಂತಿದ್ದ ಜೋಗಿ ಹುಬ್ಬು ಏರಿಸಿದ. ಅಷ್ಟೇ. ಬಾಯಿ ಬಿಡಲಿಲ್ಲ, ಕಣ್ಣು ಮಿಟುಕಿಸಲಿಲ್ಲ. ಅವನ ಅಪರಾಧವೆಲ್ಲ ಆ ಒಂದು ಹುಬ್ಬಿನಲ್ಲಿತ್ತು. ಅವಳ ಕೈ ತೊಡೆಯ ಮೇಲೆ ವಾಪಸು ಬಂತು.

‘ಎನ್ನ ಎಡಗಾಲು ಹೂವು ಇದ್ದ ಹಂಗೆ. ಈ ಬಲದ್ದೇ ಒಂಚೂರು ಎಳೀತದೆ.’

ಜೋಗಿ ಅದನ್ನು ಒಂದಕ್ಷರ ಬಿಡದೆ ತಮಿಳಿಗೆ ತಿರುಗಿಸಿದ. ಡಾಕ್ಟರು ಮೂಗಿನ ಮೇಲೆ ಕನ್ನಡಕ ಸರಿಮಾಡಿಕೊಂಡು, ‘ಸೋತೆನಾ?’ ಎಂದರು. ಜೋಗಿ ಅಂದು ಮನೆಗೆ ಹೋಗಿ ಹೆಂಡತಿ ಹೇಳದೆಯೇ ಮಜ್ಜಿಗೆ ಕಡೆದುಕೊಟ್ಟ.

ಮತ್ತೊಂದು ಸಲ ಬಂದಾಗಲೂ ಅದೇ ಉತ್ತರ. ಈ ಸಲ ಹುಬ್ಬಿನ ಅಗತ್ಯವೂ ಬೀಳಲಿಲ್ಲ. ಡಾಕ್ಟರು ಗಾಳಿಯ ಪದ್ಧತಿಯನ್ನು ಕೈಬಿಟ್ಟು, ಸೋಮವಾರದಿಂದ ಉಳಿದ ಹೆಂಗಸರಿಗೆಲ್ಲ ಕುಲುಕಿದ ನೊರೆಯನ್ನೇ ಹಾಕುವುದೆಂದು ನಿಶ್ಚಯಿಸಿದರು.

ಆ ನಡುವೆ ಒಂದು ಮಧ್ಯಾಹ್ನ ಜೋಗಿ ಮೇಲ್‌ಹಟ್ಟಿಯ ದಾರಿಯಲ್ಲಿ ಬರುತ್ತಿದ್ದ. ಕೆಳಗಿನ ತೋಟದಲ್ಲಿ ಮಹಾಲಿಂಗಮ್ಮ ಎಲೆ ಕೀಳುತ್ತಿದ್ದಳು. ಕರೆಯಬೇಕೆಂದು ಬಾಯಿ ತೆರೆದವನು ಹಾಗೇ ನಿಂತ. ಅವಳು ಕೊಕ್ಕರೆಯಂತೆ ಒಂಟಿಕಾಲಲ್ಲಿ ನಿಂತಿದ್ದಳು. ನಿಂತದ್ದು ಬಲಗಾಲ ಮೇಲೆ: ಎಳೆಯುತ್ತದೆ ಎಂದು ಅವಳೇ ಹೇಳಿದ್ದ, ಪಂದ್ಯದಲ್ಲಿ ಸೋತಿದ್ದ ಡಾಕ್ಟರ ಕಾಲಿನ ಮೇಲೆ. ಹೂವಿನಂಥ ಎಡಗಾಲಿನ ಬೆರಳ ತುದಿ ಮಾತ್ರ ಮಣ್ಣಿಗೆ ತಾಗುತ್ತಿತ್ತು. ಇನ್ನೊಂದು ಗಿಡಕ್ಕೆ ಸರಿಯುವಾಗ ಟೀ ಗಿಡದ ರೆಂಬೆ ಹಿಡಿದು, ಹಲ್ಲು ಕಚ್ಚಿ, ಆ ಕಾಲನ್ನು ಮೂಟೆಯಂತೆ ಎಳೆದುಕೊಂಡಳು. ಮೇಲಿನ ದಾರಿಯಲ್ಲಿ ಯಾರೋ ಕೆಮ್ಮಿದ್ದು ಕೇಳಿಸಿ ತಟ್ಟನೆ ಎರಡು ಕಾಲ ಮೇಲೂ ನಿಂತು, ‘ಯಾರು?’ ಎಂದಳು.

ಕೆಮ್ಮಿದವನು ಜೋಗಿಯೇ. ಉತ್ತರ ಕೊಡದೆ ಬಗ್ಗಿಕೊಂಡು, ಕಳ್ಳನಂತೆ ದಾರಿ ಹಿಡಿದ.

ಮನುಷ್ಯನಿಗೆ ತಪ್ಪು ಗೊತ್ತಾದ ಮೇಲೂ ಅದನ್ನು ಒಪ್ಪಿಕೊಳ್ಳುವ ಮೊದಲು ಒಂದಷ್ಟು ಬಿಡುವು ಬೇಕಾಗುತ್ತದೆ. ಆ ಬಿಡುವಿನಲ್ಲಿ ಅವನು ವಕೀಲನಾಗುತ್ತಾನೆ. ಕಾಲಿಗೆ ಜಿಗಣೆ ಹತ್ತಿರಬಹುದು ಎಂದುಕೊಂಡ ಜೋಗಿ. ಮುಳ್ಳು ಚುಚ್ಚಿರಬಹುದು. ಹೆಂಗಸರಿಗೆ ಒಂಟಿಕಾಲಲ್ಲಿ ನಿಲ್ಲುವ ಅಭ್ಯಾಸವೂ ಇರಬಹುದು. ಮೇಲ್‌ಹಟ್ಟಿಯ ದಾರಿ ಬಿಟ್ಟು ಸುತ್ತುದಾರಿಯಲ್ಲಿ ಮನೆಗೆ ಹೋಗತೊಡಗಿದ. ಡಾಕ್ಟರು ‘ನೊರೆ ವೀರ’ ಎಂದು ಕರೆದಾಗ ಬೆನ್ನಿಗೆ ತಣ್ಣೀರು ಎರಚಿದಂತಾಗುತ್ತಿತ್ತು. ಕೆಮ್ಮಿನ ಮದ್ದನ್ನು ಕುಲುಕದೆ ಕೊಟ್ಟು ಕಳಿಸಿದ.

‘ಏನಾಗದೆ ನಿನಗ?’ ಎಂದಳು ನಂಜಿ. ‘ತಟ್ಟೆ ಮುಂದೆ ಕೂತು ಸಾವಿನ ಮನೆ ಮೋರೆ ಮಾಡಿದ್ದೀಯೆ.’

‘ಒಬ್ಬರ ಕಾಲು ನೋಯ್ತದೆ. ಎನ್ನಿಂದ.’

‘ತುಳಿದೆಯಾ?’

‘ಇಲ್ಲೆ. ಹುಬ್ಬು ಏರಿಸಿದೆ.’

ನಂಜಿ ಅವನ ಹಣೆ ಮುಟ್ಟಿ ನೋಡಿದಳು. ಆಮೇಲೆ ಅವನು ಎಲ್ಲ ಹೇಳಿದ. ಅವಳು ನಗುತ್ತಾಳೆಂದು ಕಾದ. ಅವಳು ನಗಲಿಲ್ಲ.

‘ಆ ಕಾಲು ಹೋದರೆ ಅವಳು ಎಲೆ ಹೆಂಗೆ ಕೀಳೋದು?’ ಎಂದಳು. ‘ಲಿಂಗಿ ಮಾಮಿ ಅವಳನ್ನ ಒಲೆ ಮುಂದೆ ಕೂರಿಸಿ ದಿನಾ ಚುಚ್ಚುತಾಳೆ. ನಿನ್ನ ಡಾಕ್ಟರು ಹಾಕೋ ಸೂಜಿ ಅದರ ಮುಂದೆ ಏನೂ ಇಲ್ಲೆ. ಇಲ್ಲಿ ಕೂತು ಅನ್ನ ಕಲಸ್ತಾ ಇದ್ದೀಯಲ್ಲ, ಎದ್ದು ಹೋಗು.’

ಭಾನುವಾರ ಬೆಳಿಗ್ಗೆ ಜೋಗಿ ಮೇಲ್‌ಹಟ್ಟಿಗೆ ಹೋದ. ಮಹಾಲಿಂಗಮ್ಮ ಹೊಸ್ತಿಲಲ್ಲಿ ಕೂತಿದ್ದಳು. ಅವನನ್ನು ಕಂಡು ಎದ್ದು, ಏನೂ ಆಗದವಳಂತೆ ಒಳಗೆ ನಡೆದು ಕಾಫಿ ತಂದಳು. ಲೋಟ ಕೊಟ್ಟು, ಬಾಗಿಲ ಚೌಕಟ್ಟು ಹಿಡಿದು ಮತ್ತೆ ಕೂತಳು. ಪಟ್ಟಿಯ ಮೇಲೆ ಹಿಮ್ಮಡಿಯ ಹತ್ತಿರ ಕಂದು ಬಣ್ಣದ ಒದ್ದೆ ಕಲೆ ಇತ್ತು, ವಾಸನೆಯೂ ಇತ್ತು. ಅಷ್ಟು ವರ್ಷ ಗಾಯ ತೊಳೆದವನಿಗೆ ಆ ವಾಸನೆಯ ಅರ್ಥ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

‘ಕಾಲು ಕೊಡು ಅಕ್ಕ.’

‘ಏನಕ? ಡಾಕ್ಟರು ಬಿಚ್ಚಬೇಡ ಅಂದಾರೆ.’

‘ನಾ ಬಿಚ್ಚುತೇನೆ.’

‘ಬೇಡ ತಮ್ಮ.’ ಅವಳು ಒಳಮನೆಯ ಕಡೆ ನೋಡಿ ದನಿ ತಗ್ಗಿಸಿದಳು. ‘ಮಾಮಿ ಒಳಗಿದ್ದಾಳೆ. ನಿಮ್ಮೂರ ಮದ್ದು ಕೊಳೀತು ಅಂತ ಹತ್ತು ಮನೆಗೆ ಸಾರುತಾಳೆ. ಡಾಕ್ಟರಿಗೂ ಗೊತ್ತಾದರೆ ನೀ ಸೋತ ಹಂಗೆ. ಇನ್ನೊಂದು ನಾಕು ದಿನ ತಡಕೊಂಡರೆ ತಾನೇ ಒಣಗುತದೆ.’

‘ನಾ ಸೋತರೆ ಸೋತೆ!’ ಎಂದ ಜೋಗಿ. ದನಿ ಅವನು ಎಣಿಸಿದ್ದಕ್ಕಿಂತ ಎತ್ತರಕ್ಕೆ ಹೋಯಿತು. ‘ಅದು ಆಟ ಅಕ್ಕ. ನಾ ಆಡಿದ ಮಾತೆಲ್ಲ ಆಟ.’

‘ಆಟನಾ?’ ಎಂದಳು ಮಹಾಲಿಂಗಮ್ಮ. ಅವಳ ಮುಖ ಸಣ್ಣದಾಯಿತು. ಇಷ್ಟು ದಿನ ಹಲ್ಲು ಕಚ್ಚಿ ಕಾದದ್ದು ಯಾರೋ ಆಡಿ ಮರೆತ ಮಾತನ್ನು ಎಂದು ಅವಳಿಗೆ ತಿಳಿದದ್ದು ಆಗಲೇ. ಬೈದಿದ್ದರೆ ಜೋಗಿ ತಾಳಿಕೊಳ್ಳುತ್ತಿದ್ದ. ಅವಳು ಸುಮ್ಮನೆ ಕಾಲು ಮುಂದೆ ಚಾಚಿದಳು.

ಪಟ್ಟಿ ಬಿಚ್ಚಿದಾಗ ಹಿಮ್ಮಡಿಯ ಮೇಲೆ ಅಂಗೈಯ ಗುಳಿಯಷ್ಟು ಅಗಲದ ಹುಣ್ಣು ಬಾಯಿ ಬಿಟ್ಟಿತ್ತು. ಅದರ ಮೇಲೆ, ಮಂಡಿಯವರೆಗೆ, ಉಬ್ಬಿದ ನರಗಳು ಒಂದೂ ಇರಲಿಲ್ಲ. ನೊರೆ ತನ್ನ ಕೆಲಸವನ್ನು ಸೊಗಸಾಗಿ ಮಾಡಿ, ಹೊರಡುವಾಗ ಬಾಗಿಲು ಮುರಿದು ಹೋಗಿತ್ತು.

ಜೋಗಿ ಅಲ್ಲಿಂದ ನೇರವಾಗಿ ಡಾಕ್ಟರ ಬಂಗಲೆಗೆ ಹೋದ. ಡಾಕ್ಟರು ತಿಂಡಿ ತಿನ್ನುತ್ತಿದ್ದರು. ಜೋಗಿ ನಿಂತೇ ಎಲ್ಲವನ್ನೂ ಹೇಳಿದ: ಹಟ್ಟಿಯ ಮಾನ, ಹುಬ್ಬು, ಜಗಲಿಗೆ ಹೋಗಿ ಬಾಟ್ಲಿ ತೋರಿಸಿದ್ದು, ನೀರಾದದ್ದನ್ನು ಕದ್ದು ಮತ್ತೆ ಕುಲುಕಿದ್ದು. ಹೇಳಿ ಮುಗಿಸಿ, ಕೆಲಸ ಹೋಯಿತೆಂದು ತಲೆ ಬಗ್ಗಿಸಿ ಕಾದ.

ಡಾಕ್ಟರು ಕೈ ತೊಳೆದು ಜೀಪು ತರಿಸಿದರು. ಮೇಲ್‌ಹಟ್ಟಿಯ ಹೊಸ್ತಿಲಲ್ಲಿ ಮಂಡಿಯೂರಿ ಕೂತು ಎರಡು ಕಾಲನ್ನೂ ಬಹಳ ಹೊತ್ತು ನೋಡಿದರು. ಬಲಗಾಲಿನ ಪಟ್ಟಿಯನ್ನೂ ಬಿಚ್ಚಿಸಿದರು. ಅಲ್ಲಿ ಹುಣ್ಣಿಲ್ಲ, ನೋವಿಲ್ಲ; ಆದರೆ ಮೀನಖಂಡದ ಕೆಳಗಿನ ಒಂದು ತುಂಡು ನರ ಮುಚ್ಚಿ, ಮೇಲಿನ ಗಂಟುಗಳೆಲ್ಲ ಹಾಗೇ ಉಳಿದಿದ್ದವು.

‘ನಿಂದು ಪೂರ್ತಿ ಮುಚ್ಚಿದೆ, ಗಾಯ ಮಾಡಿದೆ. ನಂದು ಗಾಯ ಮಾಡಿಲ್ಲ, ಮುಚ್ಚಿಯೂ ಇಲ್ಲ,’ ಎಂದರು.

‘ಗಾಯ ನನ್ನಿಂದ ಸಾರ್. ನೀರಾಗಿತ್ತು.’

‘ನೀರಾದದ್ದರಿಂದ ಆಯಿತೋ, ನನ್ನ ಸೂಜಿ ನರದಿಂದ ಹೊರಗೆ ಜಾರಿ ಆಯಿತೋ, ಯಾರು ಹೇಳ್ತಾರೆ? ಸೂಜಿ ಹಿಡಿದಿದ್ದು ನಾನು. ಪಟ್ಟಿ ಬಿಚ್ಚಿ ನೋಡದೆ ಬಾಯಿಮಾತು ನಂಬಿದ್ದೂ ನಾನು.’ ಮಂಡಿಯ ಮಣ್ಣು ಕೊಡವುತ್ತ ಕೇಳಿದರು: ‘ಹುಬ್ಬು ಏರಿಸಿದೆ ಅಂದೆಯಲ್ಲ, ಅದು ಹೇಗೆ?’

ಜೋಗಿ ತೋರಿಸಲಿಲ್ಲ.

ಸೋಮವಾರದ ಸೂಜಿಗಳು ನಿಂತವು. ಇಂಥ ಹುಣ್ಣು ಹಿಮ್ಮಡಿಯ ಹತ್ತಿರ ಆದರೆ ವರ್ಷಗಟ್ಟಲೆ ಮಾಯದೆ ಉಳಿಯುವುದೂ ಉಂಟು, ದಿನಾ ತೊಳೆದು ಕಟ್ಟಿದರೆ ಮಾತ್ರ ಆಸೆ ಎಂದರು ಡಾಕ್ಟರು. ಆವತ್ತಿನಿಂದ ಆಸ್ಪತ್ರೆ ಮುಚ್ಚಿದ ಮೇಲೆ ಜೋಗಿ ದಿಣ್ಣೆ ಹತ್ತಿ ಮೇಲ್‌ಹಟ್ಟಿಗೆ ಹೋಗತೊಡಗಿದ. ಹುಲ್ಲಿನ ಮೇಲೆ ಹಿಮ ಬಿದ್ದ ತಿಂಗಳುಗಳಲ್ಲೂ ಬಿಡಲಿಲ್ಲ.

ಅವನಿಗೆ ಹಿಮ ಕಷ್ಟವಾಗಲಿಲ್ಲ, ಉಪಚಾರ ಕಷ್ಟವಾಯಿತು. ಯಾರೂ ಅವನನ್ನು ಬೈಯಲು ಒಪ್ಪಲಿಲ್ಲ. ಧರ್ಮಲಿಂಗಂ ಅವನಿಗೆ ಕಂಬಳಿ ಹೊದಿಸಿ ಒಲೆಯ ಹತ್ತಿರ ಕೂರಿಸುತ್ತಿದ್ದ. ‘ತಪ್ಪು ಎನ್ನದು ಬಾವ,’ ಎಂದು ಜೋಗಿ ಶುರುಮಾಡಿದರೆ, ‘ಬಿಡು ಮಚ್ಚಿನ, ಯಾರ ಹೆಂಡತಿಯ ತಮ್ಮ ಇಷ್ಟು ದೂರ ನಡೆದು ಬಂದು ಅಕ್ಕನ ಕಾಲು ತೊಳೀತಾನೆ?’ ಎನ್ನುತ್ತಿದ್ದ. ಕೊನೆಗೆ ಜೋಗಿ ಲಿಂಗಿಯ ಹತ್ತಿರವೇ ಹೋದ. ಬೈಗುಳಕ್ಕೆ ಇಡೀ ದಿಣ್ಣೆಯಲ್ಲಿ ಹೆಸರಾದ ಮುದುಕಿ. ಅವಳಾದರೂ ನಿರಾಸೆ ಮಾಡಲಾರಳು ಎಂದು ಅವನ ಭರವಸೆ. ಅವಳು ಪೂರ್ತಿ ಕೇಳಿ, ‘ಅದೆಲ್ಲ ಆ ಪಟ್ಟಣದ ಡಾಕ್ಟರ ಕೈಗುಣ, ಎನ್ನ ಸೊಸೆ ಹೇಳಿದಾಳೆ. ನೀ ಹಾಲು ಕುಡಿ,’ ಎಂದು ಕೆನೆಯ ಸಮೇತ ಲೋಟ ಕೈಗಿಟ್ಟಳು. ಅಂದರೆ ಮಹಾಲಿಂಗಮ್ಮ ಇನ್ನೂ ತವರಿನ ಮಾನದ ಕಾವಲು ಬಿಟ್ಟಿರಲಿಲ್ಲ.

ಜೋಗಿ ಆಮೇಲೂ ಬಹಳ ವರ್ಷ ಕಂಪೌಂಡರಾಗಿದ್ದ. ಬಾಟ್ಲಿಯನ್ನು ಕೆಳಗೆ, ಮೇಜಿನ ಮರೆಯಲ್ಲಿ ಕುಲುಕುತ್ತಿದ್ದ. ರೋಗಿಗಳು ‘ಚೆನ್ನಾಗಿದ್ದೇನೆ’ ಎಂದರೆ ನಂಬುತ್ತಿರಲಿಲ್ಲ. ‘ಸುಳ್ಳು ಹೇಳಬೇಡ, ಎಲ್ಲಿ ನೋವು ಹೇಳು,’ ಎಂದು ಗದರಿಸಿ, ನಿಜಕ್ಕೂ ಚೆನ್ನಾಗಿದ್ದವರನ್ನೂ ಹೆದರಿಸಿ ಕಳಿಸುತ್ತಿದ್ದ.

ಆದರೆ ಆ ಚಳಿಗಾಲದಲ್ಲಿ ಹುಣ್ಣು ಸುತ್ತಲಿಂದ ಮೆಲ್ಲಗೆ ಮುಚ್ಚತೊಡಗಿತು. ಪ್ರತಿ ದಿನ ಅವನು ‘ನೋಯ್ತದಾ ಅಕ್ಕ?’ ಎಂದು ಕೇಳುವುದು, ಅವಳು ‘ಇಲ್ಲೆ’ ಎನ್ನುವುದು. ಅವಳು ಇಲ್ಲೆ ಎಂದಷ್ಟೂ ಅವನು ಸುತ್ತುವ ಪಟ್ಟಿ ಬಿಗಿಯಾಗುತ್ತಿತ್ತು. ಎಲ್ಲಾದರೂ ಮತ್ತೆ ಬಚ್ಚಿಡುತ್ತಿದ್ದಾಳೆಯೇ ಎಂದು ಅವಳ ಮುಖವನ್ನೇ ನೋಡುತ್ತ ಕಟ್ಟುತ್ತಿದ್ದ. ಒಂದು ಸಂಜೆ ಹಾಗೆ ಮುಖ ನೋಡುತ್ತ, ಪಟ್ಟಿಯ ತುದಿಯನ್ನು ಹಿಡಿದು ಎಳೆದ.

‘ಅಯ್ಯೋ, ನೋಯ್ತದೆ!’ ಎಂದು ಕಿರುಚಿದಳು ಮಹಾಲಿಂಗಮ್ಮ. ‘ಕತ್ತೆ ಕಟ್ಟೋ ಹಂಗೆ ಕಟ್ಟುತೀಯಲ್ಲ, ಕಣ್ಣು ಎಲ್ಲಿಟ್ಟಿದ್ದೆ? ಇಷ್ಟು ವರ್ಷ ಆಸ್ಪತ್ರೇಲಿ ಏನು ಕಲಿತೆ, ಬರೀ ಬಾಟ್ಲಿ ಆಡಿಸೋದಾ?’

ಒಳಗಿನಿಂದ ಲಿಂಗಿ, ‘ಏನೇ ಅದು? ಯಾವ ಕಾಲು?’ ಎಂದು ಕೂಗಿದಳು.

‘ಎಡಗಾಲು ಮಾಮಿ!’ ಎಂದು ಮಹಾಲಿಂಗಮ್ಮ ಇಡೀ ಹಟ್ಟಿಗೆ ಕೇಳುವಂತೆ ಕೂಗಿದಳು. ‘ಎನ್ನ ತಮ್ಮ ಕಟ್ಟಿದ ಕಾಲು!’

ಜೋಗಿ ತಲೆ ತಗ್ಗಿಸಿ ಪಟ್ಟಿಯನ್ನು ಪೂರ್ತಿ ಬಿಚ್ಚಿದ. ಮತ್ತೆ ಹಿಮ್ಮಡಿಯಿಂದ ಶುರುಮಾಡಿದ. ಅವಳು ಬೈಯುತ್ತಲೇ ಇದ್ದಳು. ಅವನು ಸುತ್ತುವುದನ್ನು ಬೇಗ ಮುಗಿಸಲಿಲ್ಲ.